ಎಷ್ಟು ಕೆಸರು, ಎಷ್ಟು ಟಾರು?

ಈ ಸಲದ ಪತ್ತನಾಜೆಯ ದಿನ ನಮ್ಮ ಜೀಪುಗಳ ಟಯರು ಬದಲಿಸಲು ಜನ ಇರಲಿಲ್ಲ.

ಪತ್ತನಾಜೆ ಎಂದರೆ ತುಳುವರ ಬೇಸ ತಿಂಗಳ ಹತ್ತನೆಯ ದಿನ, ಮೇ ತಿಂಗಳ ಕೊನೆಗೆ ಬೀಳುತ್ತದೆ. ಅಂದಿಗೆ ದೈವಗಳ ಕೋಲ, ನೇಮ ಎಲ್ಲ ಮುಗಿದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮಳೆ ಹತ್ತಿರ ಬಂದಿರುತ್ತದೆ. ಪುಂಜಾಲಕಟ್ಟೆಯಲ್ಲಿ ಅದೇ ದಿನ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಗುಡ್ಡೆಯ ಮೇಲಿನ ಊರುಗಳಿಗೆ ಹೋಗುವ ಎಂಟು-ಹತ್ತು ಜೀಪು, ಪಿಕಪ್ಪುಗಳು ಬೆಳಿಗ್ಗೆಯೇ ಒಂದು ತಗಡಿನ ಮಾಡಿನ ಅಂಗಡಿಯ ಎದುರು ಸಾಲುಗಟ್ಟಿ ನಿಲ್ಲುತ್ತಿದ್ದವು. ಹಿಂದಿನ ಎರಡು ಚಕ್ರಗಳಿಂದ ಟಾರಿನ ಟಯರು ಇಳಿಸಿ ಕೆಸರಿನ ಟಯರು ಏರಿಸುವುದು, ದೀಪಾವಳಿ ಕಳೆದು ಮೇಳ ಮತ್ತೆ ಹೊರಡುವ ಹೊತ್ತಿಗೆ ಇದರ ಉಲ್ಟಾ. "ಅವರು ಗೆಜ್ಜೆ ಬಿಚ್ಚುವ ದಿನ ನಾವು ಗೆಜ್ಜೆ ಕಟ್ಟುವ" ಎನ್ನುತ್ತಿದ್ದರು ಅಂಗಡಿಯವರು. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ ಮನುಷ್ಯ, ಆದರೆ ಪತ್ತನಾಜೆ ಯಾವಾಗ ಎಂದು ನಾವೇ ಅವರನ್ನು ಕೇಳಬೇಕಿತ್ತು.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಬೋರ್ಡಿನಲ್ಲಿಯೇ ಹೆಸರು ಬರೆಸಿಕೊಂಡವರಲ್ಲ ಅವರು. "ಟಯರು" ಎಂಬ ಒಂದೇ ಶಬ್ದ, ಅದರ ಕೆಳಗೆ ಒಂದು ಬಾಣದ ಗುರುತು. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಹಾಗೆ ನಾವೆಲ್ಲ ಪೊರ್ಬುಗಳೇ ಎಂದು ಕರೆಯುತ್ತಿದ್ದೆವು. ಈ ಮಾರ್ಚಿನಲ್ಲಿ ಅವರು ತೀರಿಹೋದರು. ನನಗೆ ಜೀಪು ಓಡಿಸಿ ಗೊತ್ತೇ ಹೊರತು ಬರೆದು ಗೊತ್ತಿಲ್ಲ. ಆದರೂ ಯಾರಾದರೂ ಬರೆಯಬೇಕಲ್ಲ, ಮತ್ತೆ ಹೆಚ್ಚು ಬೈಸಿಕೊಂಡವನು ನಾನು.

ಆಳು ಸಣಕಲು. ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಬಲಗಿವಿಯ ಹಿಂದೆ ಸೀಮೆಸುಣ್ಣದ ತುಂಡು. ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಬೆಂಕಿಪೊಟ್ಟಣ ಇರುತ್ತಿತ್ತು, ಬೀಡಿ ಸೇದುವವರಲ್ಲ. ಕಡ್ಡಿಯನ್ನು ಟಯರಿನ ಹಲ್ಲುಗಳ ನಡುವೆ ತಲೆಕೆಳಗಾಗಿ ಇಳಿಸಿ, ಎಷ್ಟು ಒಳಗೆ ಹೋಯಿತೆಂದು ಉಗುರಿನಲ್ಲಿ ಹಿಡಿದು ನೋಡುತ್ತಿದ್ದರು. ಮದ್ದಿನ ತಲೆ ಪೂರ್ತಿ ಮುಳುಗಿದರೆ, "ಈ ಮಳೆಗೆ ತೊಂದರೆ ಇಲ್ಲ." ತಲೆ ಹೊರಗೆ ಇಣುಕಿದರೆ, "ಇನ್ನು ಇದರಲ್ಲಿ ಮಕ್ಕಳನ್ನು ಕೂರಿಸಬೇಡ." ಆಮೇಲೆ ಅಂಗೈಯ ಪರೀಕ್ಷೆ. ಕರುವಿನ ಬೆನ್ನು ಸವರುವ ಹಾಗೆ ಟಯರಿನ ಮೇಲೆ ಅಂಗೈಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಎಳೆಯುವುದು. ಒಂದು ಕಡೆಗೆ ನಯವಾಗಿದ್ದು ಇನ್ನೊಂದು ಕಡೆಗೆ ಕೈ ತಡೆದರೆ ಹಲ್ಲು ಓರೆಯಾಗಿ ಸವೆಯುತ್ತಿದೆ ಎಂದು ಅರ್ಥ. ಆಗ ಗಾಡಿಯವನ ಮುಖ ನೋಡಿ, "ಬ್ರೇಕು ತುಂಬ ಜೋರು ಹಾಕ್ತಿಯಲ್ಲ, ಯಾರ ಮೇಲೆ ಸಿಟ್ಟು ನಿನಗೆ?" ಎಂದು ಕೇಳುತ್ತಿದ್ದರು. ನನ್ನ ಟಯರಿನಲ್ಲಿ ಈ ಪ್ರಶ್ನೆ ವರ್ಷಕ್ಕೆ ಎರಡು ಸಲವಾದರೂ ಬರುತ್ತಿತ್ತು. ನನಗೆ ಮೂಗಿನ ತುದಿಯಲ್ಲಿ ಕೋಪ, ಅದು ಎಲ್ಲರಿಗೂ ಗೊತ್ತಿರುವುದೇ. ಟಯರಿಗೂ ಗೊತ್ತಾಗುತ್ತದೆ ಎಂದು ಅವರಿಂದ ತಿಳಿಯಿತು.

ಕೈಗೆ ಬಿಡುವು ಇಲ್ಲದ ಮನುಷ್ಯ. ಭಾನುವಾರ ಪೂಜೆ ಮುಗಿದು ಎಲ್ಲರೂ ಇಗರ್ಜಿಯ ಅಂಗಳದಲ್ಲಿ ಮಾತಾಡುತ್ತ ನಿಂತರೆ, ಇವರು ನಿಲ್ಲಿಸಿದ ಕಾರುಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತ ಹೋಗುತ್ತಿದ್ದರಂತೆ. ಅವರ ಹೆಂಡತಿಯನ್ನು ನಾವು ಬಾಯಮ್ಮ ಎನ್ನುತ್ತೇವೆ. ಬಾಯಮ್ಮ ನನ್ನಲ್ಲಿ ದೂರು ಹೇಳಿದ್ದುಂಟು. "ಮದುವೆಯಾದ ದಿನ ಕೂಡ ಮದುಮಗಳ ಮುಖಕ್ಕಿಂತ ಮೊದಲು ಕಾರಿನ ಟಯರು ನೋಡಿದ ಜನ. ಗಾಳಿ ಕಮ್ಮಿ ಉಂಟು ಅಂತ ಎಲ್ಲರನ್ನೂ ಇಳಿಸಿದ್ದಾರೆ." ಹೇಳುವಾಗ ಬಾಯಮ್ಮನಿಗೆ ಸಿಟ್ಟು ಇರಲಿಲ್ಲ.

ಮನೆಯಲ್ಲಿ ಕೊಂಕಣಿ, ನಮ್ಮಲ್ಲಿ ತುಳು, ಪಾಣೆಮಂಗಳೂರಿನಿಂದ ಬರುವ ಲಾರಿಯವರ ಹತ್ತಿರ ಬ್ಯಾರಿ, ಹೀಗೆ ಮೂರು ಮಾತನ್ನೂ ಅವರು ಒಂದೇ ವೇಗದಲ್ಲಿ ಆಡುತ್ತಿದ್ದರು. ಇಲ್ಲಿ ನಾನು ಬರೆಯುವ ಅವರ ಮಾತೆಲ್ಲ ತುಳುವಿನದ್ದು, ಕನ್ನಡಕ್ಕೆ ತಂದಿದ್ದೇನೆ. ಅವರು ನಿಜವಾಗಿ ಕನ್ನಡ ಆಡುತ್ತಿದ್ದದ್ದು ಸಿಟ್ಟು ಬಂದಾಗ ಮಾತ್ರ. ಅದೂ ಶಾಲೆಯ ಪುಸ್ತಕದ ಕನ್ನಡ, ಬಹುವಚನದಲ್ಲಿ, ನಿಧಾನವಾಗಿ. ಅವರು "ತಾವು" ಎಂದರೆ ಮುಗಿಯಿತು. ದೊಡ್ಡ ದೊಡ್ಡ ಲಾರಿಯ ಡ್ರೈವರುಗಳು ಕೂಡ ಆ "ತಾವು" ಕೇಳಿದ ಕೂಡಲೇ ಬೀಡಿ ನಂದಿಸಿ ನೆಟ್ಟಗೆ ನಿಲ್ಲುತ್ತಿದ್ದರು.

ಹೊಸ ಗಿರಾಕಿ ಬಂದರೆ ಅವರು ಗಾಡಿ ಯಾವುದು ಎಂದು ಕೇಳುವವರಲ್ಲ. "ದಿನಕ್ಕೆ ಎಷ್ಟು ಕೆಸರು, ಎಷ್ಟು ಟಾರು?" ಅದೇ ಮೊದಲ ಪ್ರಶ್ನೆ. ಒಮ್ಮೆ ಮೂಡುಬಿದಿರೆಯ ವಕೀಲರೊಬ್ಬರು ಹೊಸ ಜೀಪು ತಂದು ನಿಲ್ಲಿಸಿದರು. ಹುಡುಗರು ವಿಡಿಯೋದಲ್ಲಿ ತೋರಿಸುವಂಥ ದೊಡ್ಡ ಹಲ್ಲಿನ, ದೊಡ್ಡ ಗಾತ್ರದ ಕೆಸರಿನ ಟಯರು ಬೇಕು ಎಂದರು. ಇವರು ತಮ್ಮ ಪ್ರಶ್ನೆ ಕೇಳಿದರು. ವಕೀಲರು ಸ್ವಲ್ಪ ಯೋಚಿಸಿ, ಟಾರು ದಿನಾ ಮಂಗಳೂರಿನ ಕೋರ್ಟಿಗೆ, ಕೆಸರು ವರ್ಷಕ್ಕೊಮ್ಮೆ ಕಂಬಳಕ್ಕೆ ಹೋಗುವಾಗ ಎಂದರು.

"ಕಂಬಳದಲ್ಲಿ ಓಡುವುದು ಕೋಣಗಳಲ್ವಾ?" ಎಂದರು ಇವರು. "ನೀವು ಗದ್ದೆಯ ಬದಿಯಲ್ಲಿ ಕೂತು ನೋಡುವವರು. ಅದಕ್ಕೆ ಈಗ ಇರುವ ಟಯರು ಧಾರಾಳ ಆಗ್ತದೆ."

ವಕೀಲರು ನಕ್ಕು ಹೋದರು. ಅವರು ಮತ್ತೆ ಬರುತ್ತಾರೆ, ನನ್ನ ಕಥೆಯ ಬಾಲ ಹಿಡಿದುಕೊಂಡು.

ನನ್ನ ಕಥೆ ಏಳು ವರ್ಷದ ಹಿಂದಿನದು. ಅದನ್ನು ಹೇಳದೆ ಅವರ ಚಿತ್ರ ಪೂರ್ತಿಯಾಗುವುದಿಲ್ಲ, ನನ್ನ ಮಾನ ಹೋದರೂ ಅಡ್ಡಿಯಿಲ್ಲ.

ನನ್ನ ಅಕ್ಕ, ವಾರಿಜಕ್ಕ, ನಮ್ಮ ಮನೆಯಿಂದ ಮೇಲಿನ ಮನೆಯಲ್ಲಿದ್ದಾಳೆ. ಆ ವರ್ಷ ಅವಳ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆಗೆ ಬಂಟ್ವಾಳ ಕಡೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಹೊತ್ತು ತಪ್ಪಿದರೆ ಮಿಷನ್ನು ಇನ್ನೊಬ್ಬರಿಗೆ ಹೋಗುತ್ತದೆ, ಅವರದ್ದೂ ಜೀವವೇ. ಅಕ್ಕನ ಮನೆಯಿಂದ ಟಾರು ರಸ್ತೆಗೆ ಅರ್ಧ ಕಿಲೋಮೀಟರು ಮಣ್ಣಿನ ದಾರಿ. ತೋಡಿನ ಸಣ್ಣ ಹಳ್ಳ ದಾಟಿದ ಮೇಲೆ ಒಂದು ಏರು. ಜೂನ್ ಬಂದರೆ ಆ ಏರಿನಲ್ಲಿ ಬೋಳು ಟಯರಿನ ಜೀಪು ನಿಂತಲ್ಲೇ ತಿರುಗುತ್ತದೆ. ಮೊದಲ ಮಳೆಗೇ ನನ್ನ ಜೀಪು ಎರಡು ಸಲ ಹೂತುಹೋಯಿತು. ಎರಡನೆಯ ಸಲ ನಾಲ್ಕು ಜನ ಬಂದು ತಳ್ಳುವಾಗ ಒಂಬತ್ತು ಗಂಟೆ ಆಗಿತ್ತು, ಅಂದಿನ ಡಯಾಲಿಸಿಸ್ ತಪ್ಪಿತು. ಎರಡು ದಿನದಲ್ಲಿ ಅಕ್ಕನ ಮುಖ, ಕಾಲು ಎಲ್ಲ ಊದಿ, ಮಲಗಿದರೆ ಉಸಿರು ಸಿಗದೆ ಅವಳು ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದಳು. ನನಗೆ ಆಗ ಆದ ಹೆದರಿಕೆ ಜೀವಮಾನದಲ್ಲಿ ಆಗಿರಲಿಲ್ಲ. ನಮ್ಮ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು.

ಮರುದಿನವೇ ಪೊರ್ಬುಗಳ ಅಂಗಡಿಗೆ ಹೋಗಿ, ನಾಲ್ಕು ಚಕ್ರಕ್ಕೂ ಇರುವುದರಲ್ಲಿ ದೊಡ್ಡ ಕೆಸರಿನ ಟಯರು ಹಾಕಿ ಎಂದೆ. ಅಕ್ಕನಿಗೋಸ್ಕರ ಎಂಬುದು ನಿಜ. ಅದರ ಜೊತೆಗೆ ಸ್ವಲ್ಪ ಶೋಕಿಯೂ ಇತ್ತು, ಸುಳ್ಳೇಕೆ ಹೇಳಲಿ.

"ಎಷ್ಟು ಕೆಸರು, ಎಷ್ಟು ಟಾರು?" ಎಂದರು.

"ನಿಮಗೆ ಗೊತ್ತುಂಟಲ್ಲ ಪೊರ್ಬುಗಳೇ. ಕೆಸರು ಅರ್ಧ ಕಿಲೋಮೀಟರು."

"ಟಾರು?"

"ಬಾಡಿಗೆಯ ಲೈನು ಎಲ್ಲ ಸೇರಿ ದಿನಕ್ಕೆ ಅರುವತ್ತು."

"ಹಾಗಾದ್ರೆ ಹಿಂದೆ ಎರಡು ಚಕ್ರಕ್ಕೆ ಮಾತ್ರ ಹಾಕುವ. ಅದೂ ಕಂಪೆನಿಯವರು ಕೊಟ್ಟ ಅಳತೆಯದ್ದೇ. ಮಳೆ ಮುಗಿದ ಮೇಲೆ ತೆಗೆಯುವ, ಇಲ್ಲಿ ನನ್ನ ಹತ್ತಿರ ಇರಲಿ. ಏರು ಹತ್ತಲಿಕ್ಕೆ ಬೇಕಾದ್ದು ಹಲ್ಲು ಮಾರಾಯ, ಎತ್ತರ ಅಲ್ಲ."

ಆಗ ಪತ್ತನಾಜೆಯ ಸಾಲಿನಲ್ಲಿ ಮೂರೇ ಗಾಡಿ ಇದ್ದವು. ಅದು ಮುದುಕರ ಕೆಲಸ ಎಂದು ನನ್ನ ಅಂದಾಜು. ನಾನು ವಾದಕ್ಕೆ ನಿಂತೆ. ಅವರು ಸಮಾಧಾನದಲ್ಲೇ ಹೇಳಿದರು. ದೊಡ್ಡ ಚಕ್ರ ಎಂದರೆ ಭಾರ. ಇಂಜಿನು ಅದನ್ನು ತಿರುಗಿಸಲಿಕ್ಕೇ ಅರ್ಧ ಉಸಿರು ಖರ್ಚು ಮಾಡಬೇಕು, ಡೀಸೆಲ್ ಹೆಚ್ಚು ಕುಡಿಯುತ್ತದೆ. ಕೆಸರಿನ ಹಲ್ಲು ಮೆತ್ತಗೆ, ಬಿಸಿ ಟಾರಿನಲ್ಲಿ ಓಡಿಸಿದರೆ ಬರೆದದ್ದನ್ನು ಒರೆಸುವ ರಬ್ಬರಿನ ಹಾಗೆ ಸವೆಯುತ್ತದೆ. ಒದ್ದೆ ಟಾರಿನಲ್ಲಿ ಬ್ರೇಕು ಹಾಕಿದರೆ ನಿಲ್ಲುವ ಜಾಗ ದೂರವಾಗುತ್ತದೆ. "ಗದ್ದೆಗೆ ಇಳಿಯುವ ವೇಷದಲ್ಲಿ ಯಾರಾದರೂ ಮದುವೆಗೆ ಹೋಗ್ತಾರಾ?" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಅಕ್ಕ ಅಲ್ಲ ಅಲ್ವಾ, ನಿಮಗೆ ಎಂತ" ಎಂದುಬಿಟ್ಟೆ.

ಅವರು ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ನೋಡಿ ಮತ್ತೆ ಅಲ್ಲಿಯೇ ಇಟ್ಟುಕೊಂಡರು. ಆಮೇಲೆ ಕನ್ನಡದಲ್ಲಿ ಹೇಳಿದರು, "ತಾವು ದಯವಿಟ್ಟು ಬೇರೆ ಕಡೆ ವಿಚಾರಿಸಿಕೊಳ್ಳಬಹುದು."

ನಾನು ಅದೇ ಬಿಸಿಯಲ್ಲಿ ಮೂಡುಬಿದಿರೆಗೆ ಹೋಗಿ ನಾಲ್ಕೂ ದೊಡ್ಡ ಟಯರು ಹಾಕಿಸಿಕೊಂಡು ಬಂದೆ. ಬರುವಾಗ ಬೇಕೆಂದೇ ಅವರ ಅಂಗಡಿಯ ಎದುರಿನಿಂದ ಬಂದೆ. ಟಾರಿನಲ್ಲಿ ಆ ಟಯರುಗಳು ಗುಂಯ್ ಎಂದು ಸದ್ದು ಮಾಡುತ್ತಿದ್ದವು, ಪೇಟೆಯವರೆಲ್ಲ ತಿರುಗಿ ನೋಡಿದರು. ಪೊರ್ಬುಗಳು ಮಾತ್ರ ತಲೆ ಎತ್ತಲಿಲ್ಲ.

ಏರು ಹತ್ತಿತು, ಅದನ್ನು ಹೇಳಲೇಬೇಕು. ಆನೆ ಹತ್ತಿದ ಹಾಗೆ ಹತ್ತಿತು. ಆದರೆ ಜೀಪು ಎಷ್ಟು ಎತ್ತರವಾಯಿತೆಂದರೆ ವಾರಿಜಕ್ಕನಿಗೆ ಒಳಗೆ ಕಾಲಿಡಲು ಆಗಲಿಲ್ಲ. ಅಡಿಗೆಮನೆಯ ಸ್ಟೂಲು ತಂದು ಇಟ್ಟೆವು. ಅದರ ಮೇಲೆ ನಿಂತು ಸೀಟಿನ ಕಂಬಿ ಹಿಡಿದುಕೊಂಡು ಅವಳು, "ಇದು ನನ್ನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗುವ ಗಾಡಿಯಾ, ಅಟ್ಟಕ್ಕೆ ಹತ್ತಿಸುವ ಏಣಿಯಾ?" ಎಂದಳು. ನಾನು ನಗಲಿಲ್ಲ. ಮುಂದೆ ಕೂತರೆ ತಲೆ ತಿರುಗುತ್ತದೆಂದು ಅವಳಿಗೆ ಯಾವಾಗಲೂ ಹಿಂದಿನ ಉದ್ದ ಸೀಟೇ ಬೇಕು, ಕಾಲು ಚಾಚಿ ಕೂರುತ್ತಾಳೆ. ಸ್ಟೂಲೂ ಅವಳ ಜೊತೆ ಬಂಟ್ವಾಳಕ್ಕೆ ಹೋಗಿ ಬರತೊಡಗಿತು.

ಈಗ ನನ್ನ ಜೀಪಿನ ಒಂದು ಗುಟ್ಟು ಹೇಳಬೇಕು. ಡೀಸೆಲ್ ತೋರಿಸುವ ಮುಳ್ಳು ಸತ್ತು ಎಷ್ಟೋ ವರ್ಷವಾಗಿತ್ತು. ನಮ್ಮ ಕಡೆಯ ಹಳೆಯ ಜೀಪುಗಳಲ್ಲಿ ಅದು ಬದುಕಿರುವುದೇ ಅಪರೂಪ. ನಾವು ಓಡಿಸುವುದು ಕಿಲೋಮೀಟರಿನ ಮೀಟರು ನೋಡಿಕೊಂಡು. ಬಂಕಿನಲ್ಲಿ ಟ್ಯಾಂಕು ಪೂರ್ತಿ ತುಂಬಿಸಿ, ಮೀಟರಿನ ಅಂಕೆಯನ್ನು ಎದುರಿನ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು. ನನ್ನ ಟ್ಯಾಂಕಿಗೆ ನಲುವತ್ತು ಲೀಟರು ಹಿಡಿಯುತ್ತದೆ, ಜೀಪು ಲೀಟರಿಗೆ ಹನ್ನೆರಡು ಕೊಡುತ್ತಿತ್ತು. ನಾನೂರು ಕಿಲೋಮೀಟರು ಆಗುವಾಗ ಮತ್ತೆ ಬಂಕಿಗೆ ಹೋದರೆ ಇನ್ನೂ ಆರೇಳು ಲೀಟರು ಅಡಿಯಲ್ಲಿ ಉಳಿದಿರುತ್ತದೆ. ಹದಿನೆಂಟು ವರ್ಷ ಈ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ದೊಡ್ಡ ಟಯರು ಹಾಕಿದ ದಿನ ಟ್ಯಾಂಕು ತುಂಬಿಸಿದ್ದೆ. ಒಂದು ವಾರ ಕಳೆದು ಮಂಗಳವಾರ ಬಂತು. ಜೋರು ಮಳೆ. ಅಕ್ಕನನ್ನು ಕೂರಿಸಿಕೊಂಡು ಏರು ಹತ್ತಿ, ಪುಂಜಾಲಕಟ್ಟೆ ದಾಟಿ, ವಗ್ಗದ ಹತ್ತಿರ ಬರುವಾಗ ಜೀಪು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮೀಟರಿನ ಲೆಕ್ಕದಲ್ಲಿ ಓಡಿದ್ದು ಮುನ್ನೂರ ಅರುವತ್ತು. ಇನ್ನೂ ನಲುವತ್ತು ಓಡಬೇಕಿತ್ತಲ್ಲ ಎಂದು ನಾನು ಸೀಮೆಸುಣ್ಣದ ಅಂಕೆಯನ್ನೇ ನೋಡುತ್ತ ಕೂತೆ. ಇಳಿದು ಟ್ಯಾಂಕಿಗೆ ಕೋಲು ಹಾಕಿದರೆ ಕೋಲು ಒಣಗಿಯೇ ಮೇಲೆ ಬಂತು. ಗಂಟೆ ಏಳೂ ಹತ್ತು. ಆ ಮಳೆಗೆ ಬಸ್ಸು ಯಾವುದೂ ಕಾಣಲಿಲ್ಲ, ಹೋಗುವ ಕಾರುಗಳು ಕೈ ತೋರಿಸಿದರೂ ನಿಲ್ಲಲಿಲ್ಲ. ಹಿಂದಿನಿಂದ ಅಕ್ಕ, "ಎಂತ ಆಯ್ತು?" ಎಂದು ಮೆಲ್ಲ ಕೇಳಿದಳು. ಏನೂ ಇಲ್ಲ ಎಂದೆ.

ಇಬ್ಬರು ಡ್ರೈವರುಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೆಯದಾಗಿ ಮರ್ಯಾದೆ ಬಿಟ್ಟು ಪೊರ್ಬುಗಳಿಗೆ ಮಾಡಿದೆ. ವಿಷಯ ಹೇಳಿದೆ. ಅವರು "ಆಯ್ತು" ಎಂದು ಇಟ್ಟರು. ಸ್ಕೂಟರಿನಲ್ಲಿ ಬರುತ್ತಾರೆಂದು ದಾರಿ ನೋಡುತ್ತಿದ್ದರೆ ಮೊದಲು ಬಂದದ್ದು ಒಂದು ರಿಕ್ಷಾ. ರಿಕ್ಷಾದವನು ಇಳಿದು, "ಪೊರ್ಬುಗಳು ಕಳಿಸಿದ್ದು, ಅಕ್ಕನನ್ನು ಕೂರಿಸಿ ಬೇಗ" ಎಂದ. ನಾನು ಡೀಸೆಲ್ ಬೇಕೆಂದು ಫೋನ್ ಮಾಡಿದ್ದೆ. ಅವರಿಗೆ ಕೇಳಿಸಿದ್ದು ಅಕ್ಕನ ಹೊತ್ತು. ಅಕ್ಕ ನನ್ನನ್ನು ಹತ್ತಲು ಬಿಡಲಿಲ್ಲ. "ಅವರು ಬರ್ತಾರಲ್ಲ, ನೀನು ಗಾಡಿ ಬಿಟ್ಟು ಬಂದ್ರೆ ಹೇಗೆ? ನಾನೆಂತ ಸಣ್ಣ ಮಗುವಾ?" ಎಂದು ಸ್ಟೂಲನ್ನು ನನ್ನ ಕೈಗೆ ಕೊಟ್ಟು ಹೋದಳು. ಎಂಟಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆ ಮುಟ್ಟಿದಳೆಂದು ಆಮೇಲೆ ತಿಳಿಯಿತು.

ನಾನು ಮಳೆಯಲ್ಲಿ ಸ್ಟೂಲು ಹಿಡಿದುಕೊಂಡು ನಿಂತಿದ್ದಾಗ ಅವರ ಸ್ಕೂಟರು ಬಂತು, ಕಾಲಿನ ನಡುವೆ ಡೀಸೆಲಿನ ಕ್ಯಾನು. ಈಗ "ತಾವು" ಬರುತ್ತದೆ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡೆ. ಅವರು ರೈನ್‌ಕೋಟಿನ ಟೊಪ್ಪಿ ಸರಿಸಿ ತುಳುವಿನಲ್ಲೇ ಕೇಳಿದರು.

"ಅಕ್ಕ ಹೋದ್ರಾ?"

"ಹೋದಳು."

"ಆಯ್ತಲ್ಲ ಮತ್ತೆ. ಬಾನೆಟ್ ತೆಗಿ."

ಡೀಸೆಲ್ ಗಾಡಿ ಒಮ್ಮೆ ಪೂರ್ತಿ ಒಣಗಿದರೆ ಡೀಸೆಲ್ ಹೊಯ್ದ ಕೂಡಲೇ ಹೊರಡುವುದಿಲ್ಲ, ಪೈಪಿನಲ್ಲಿ ಗಾಳಿ ಕೂತಿರುತ್ತದೆ. ಅದನ್ನು ಸ್ಕ್ರೂ ಸಡಿಲಿಸಿ ಪಂಪು ಒತ್ತಿ ಒತ್ತಿ ಹೊರಗೆ ಹಾಕಬೇಕು. ಅವರು ಇಂಜಿನಿನ ಮೇಲೆ ಬಗ್ಗಿ ಅರ್ಧ ಗಂಟೆ ಆ ಕೆಲಸ ಮಾಡಿದರು, ನಾನು ಅವರ ತಲೆಯ ಮೇಲೆ ಕೊಡೆ ಹಿಡಿದೆ. ಟಯರಿನ ವಿಷಯ ಒಂದು ಶಬ್ದ ಎತ್ತಲಿಲ್ಲ. ಜೀಪು ಹೊರಟ ಮೇಲೆ ನಾನೇ ತಡೆಯಲಾರದೆ, "ನೀವು ಹೇಳಿದ್ದು ಸರಿ ಪೊರ್ಬುಗಳೇ, ಈ ಹಾಳಾದ ಟಯರು ಡೀಸೆಲ್ ಕುಡಿಯುವುದಲ್ಲ, ಸ್ನಾನ ಮಾಡ್ತದೆ. ಹನ್ನೆರಡು ಇದ್ದದ್ದು ಒಂಬತ್ತಕ್ಕೆ ಬಂತು" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಗೆದ್ದೆ ಎಂದು ಮೀಸೆ ತಿರುವುತ್ತಿದ್ದರು. ಅವರು ಹುಬ್ಬು ಗಂಟಿಕ್ಕಿದರು. "ಒಂಬತ್ತಾ? ಅಷ್ಟು ಆಗ್ಲಿಕ್ಕಿಲ್ಲ. ನಾಳೆ ಗಾಡಿ ತಾ, ನೋಡುವ."

ಮರುದಿನ ಅಂಗಡಿಯ ಸಿಮೆಂಟಿನ ನೆಲದಲ್ಲಿ ನೋಡಿದೆವು. ದೊಡ್ಡ ಟಯರಿನ ಬದಿಗೆ ಸೀಮೆಸುಣ್ಣದ ಒಂದು ಗೆರೆ, ನೆಲದಲ್ಲಿ ಅದರ ನೇರಕ್ಕೆ ಒಂದು ಗೆರೆ. ನನ್ನಿಂದ ಜೀಪು ತಳ್ಳಿಸಿದರು. ಚಕ್ರ ಒಂದು ಸುತ್ತು ಬಂದು ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು. ಟೇಪು ಹಿಡಿದರೆ ಎಂಟು ಅಡಿ ದಾಟಿತು. ಆಮೇಲೆ ನನ್ನ ಹಳೆಯ ಟಯರನ್ನು ಅದೇ ಗೆರೆಯಿಂದ ಉರುಳಿಸಿದರು, ಅದು ಏಳೂಕಾಲು ಅಡಿಗೆ ನಿಂತಿತು. ನಡುವೆ ಹತ್ತು ಇಂಚು. ಅವರು ಕುಕ್ಕರುಗಾಲಿನಲ್ಲಿ ಕೂತು ನೆಲದ ಮೇಲೆಯೇ ಗುಣಾಕಾರ ಭಾಗಾಕಾರ ಮಾಡಿದರು.

"ನಿನ್ನ ಮೀಟರು ಎಣಿಸುವುದು ಸುತ್ತು. ನೀನು ದೊಡ್ಡ ಕಾಲು ಹಾಕಿದ್ದು ಅದಕ್ಕೆ ಗೊತ್ತಿಲ್ಲ ಮಾರಾಯ. ಅದು ನೂರು ಅಂತ ಹೇಳುವಾಗ ಗಾಡಿ ನೂರ ಹನ್ನೊಂದು, ಹನ್ನೆರಡು ಓಡಿ ಆಗ್ತದೆ. ಮುನ್ನೂರ ಅರುವತ್ತು ಅಂದದ್ದು ನಿಜಕ್ಕೆ ನಾನೂರು. ಅಂದ್ರೆ ಲೀಟರಿಗೆ ಹತ್ತು ಕೊಟ್ಟಿದೆ. ಎರಡು ಕಿಲೋಮೀಟರಿನ ಪಾಪ ಟಯರಿನದ್ದು, ಒಂದು ಕಿಲೋಮೀಟರಿನ ಪಾಪ ಮೀಟರಿನದ್ದು. ಟಯರಿನ ತಲೆಗೆ ಮೂರನ್ನೂ ಕಟ್ಟಬೇಡ."

"ನಿಮ್ಮ ಮಾತು ಸರಿ ಅಂತ ನಾನೇ ಒಪ್ಪುವಾಗ ನೀವು ಟಯರಿನ ವಕಾಲತ್ತು ಮಾಡ್ತೀರಲ್ಲ" ಎಂದೆ.

"ನನ್ನ ಪರವಾಗಿ ಬಂದ್ರೂ ಸುಳ್ಳು ಲೆಕ್ಕ ಬೇಡ" ಎಂದರು. ಆಮೇಲೆ ಅಂಗೈಯನ್ನು ಆ ಟಯರಿನ ಮೇಲೆ ಮುಂದಕ್ಕೆ ಹಿಂದಕ್ಕೆ ಸವರಿ, ನನ್ನ ಕೈ ಹಿಡಿದು ಅದರ ಮೇಲೆ ಇರಿಸಿದರು. ಹಲ್ಲಿನ ಮೂಲೆಗಳು ಒಂದು ವಾರಕ್ಕೇ ಹರಿತ ಕಳೆದುಕೊಂಡಿದ್ದವು. "ಇದು ಮಾತ್ರ ಪೂರ್ತಿ ಟಾರಿನ ಕೆಲಸ" ಎಂದರು. ಅಂದೇ ನಾಲ್ಕೂ ದೊಡ್ಡ ಟಯರು ಇಳಿದವು, ಹಿಂದಕ್ಕೆ ಸರಿ ಅಳತೆಯ ಕೆಸರಿನ ಜೋಡಿ ಏರಿತು. ಮೊದಲ ಶುಕ್ರವಾರ ಏರಿನ ಬುಡದಲ್ಲಿ ಗೇರು ಇಳಿಸಿದೆ. ಜೀಪು ಒಮ್ಮೆ ಸ್ವಲ್ಪ ಜಾರಿ, ಹಲ್ಲು ಊರಿ, ಮೆಲ್ಲಗೆ ಹತ್ತಿತು. ಅಕ್ಕ ಸ್ಟೂಲನ್ನು ಅಡಿಗೆಮನೆಗೆ ವಾಪಸು ಕಳಿಸಿದ್ದಳು.

ದೊಡ್ಡ ಟಯರುಗಳನ್ನು ತೆಗೆದುಕೊಂಡವರು ಯಾರೆಂದುಕೊಂಡಿರಿ, ಅದೇ ವಕೀಲರು. ಪೊರ್ಬುಗಳು ಬೇಡ ಎಂದರು, ನಾನು ಬೇಡ ಎಂದೆ, ಆದರೆ ವಕೀಲರ ಎದುರು ವಾದ ಗೆಲ್ಲುವವರು ಯಾರು? ದಿನಾ ಕೋರ್ಟಿಗೆ ಓಡಿಸಿ ಹದಿನಾಲ್ಕು ತಿಂಗಳಿಗೆ ಬೋಳು ಮಾಡಿಕೊಂಡು ಬಂದರು. ಪೊರ್ಬುಗಳು ಕಡ್ಡಿ ಇಳಿಸಲು ಹೋದರೆ ಇಳಿಸಲು ಸಂದೇ ಇರಲಿಲ್ಲ. "ಕಂಬಳ ಹೇಗಿತ್ತು?" ಎಂದು ಮಾತ್ರ ಕೇಳಿದರು. ನನ್ನ ಸಣ್ಣ ಜೋಡಿ, ಮಳೆಗಾಲದಲ್ಲಿ ಮಾತ್ರ ದುಡಿಯುವ ಕಾರಣ, ಏಳು ವರ್ಷ ಕಳೆದರೂ ಕಡ್ಡಿಯ ತಲೆ ಮುಳುಗಿಸುತ್ತದೆ. ಅದನ್ನು ನೋಡಿ ನೋಡಿಯೇ ಪತ್ತನಾಜೆಯ ಸಾಲು ಹತ್ತು ಗಾಡಿಗೆ ಬಂದದ್ದು.

ಆ ಮೇಲೆ ಒಂದು ರೂಢಿ ಆಯಿತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರೂವರೆ-ಆರೂಮುಕ್ಕಾಲಿಗೆ ನಾನು ಪುಂಜಾಲಕಟ್ಟೆ ದಾಟುವಾಗ ಅವರು ಅಂಗಡಿಯ ಎದುರು ನಿಂತಿರುತ್ತಿದ್ದರು. ಅಂಗಡಿ ತೆಗೆಯುವುದು ಎಂಟೂವರೆಗೆ. ಜೀಪು ಹತ್ತಿರ ಬಂದಾಗ ಮೊದಲು ಹಿಂದಿನ ಟಯರಿಗೆ ಕಣ್ಣು ಹಾಯಿಸಿ, ಆಮೇಲೆ ಕೈ ಎತ್ತುತ್ತಿದ್ದರು. ನಾನೂ ಒಂದು ಹಾರ್ನು ಕೊಟ್ಟು ಮುಂದೆ ಹೋಗುತ್ತಿದ್ದೆ. ದೊಡ್ಡ ಮನುಷ್ಯರು ನನಗೋಸ್ಕರ ಎದ್ದು ಬಂದು ಕೈ ಎತ್ತುತ್ತಾರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಜೀಪು ಸ್ಟ್ಯಾಂಡಿನಲ್ಲಿ ಒಂದೆರಡು ಸಲ ಹೇಳಿಕೊಂಡದ್ದೂ ಉಂಟು.

ಹೋದ ದೀಪಾವಳಿಗೆ ಅವರಿಗೆ ಉಸಿರಿನ ತೊಂದರೆ ಜೋರಾಗಿತ್ತು. ಕುರ್ಚಿಯಲ್ಲಿ ಕೂತು, ಟಯರು ಎಬ್ಬಿಸುವ ಕಬ್ಬಿಣದ ಪಟ್ಟಿಯನ್ನು ನನ್ನ ಕಡೆಗೆ ಚಾಚಿ, "ಲಿವರು ನೀನೇ ಹಿಡಿ" ಎಂದರು. ನನ್ನ ಜೀಪಿನ ಟಯರು ನನ್ನಿಂದಲೇ ಬದಲು ಮಾಡಿಸಿದರು. ಒಂದು ಬದಿ ಸರಿಯಾಯಿತು, ಇನ್ನೊಂದು ಬದಿಯಲ್ಲಿ ಟ್ಯೂಬನ್ನು ಲಿವರಿಗೆ ಸಿಕ್ಕಿಸಿ ಹರಿದೆ. "ತಾವು ಸ್ವಲ್ಪ ನಿಧಾನಿಸಬೇಕು" ಎಂದು ನಗುತ್ತ ಹೇಳಿದರು. ಅವರು ಕನ್ನಡ ಆಡಿ ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ. ನನಗೆ ಅದು ಇಷ್ಟವಾಗಲಿಲ್ಲ, ಎಂಥದೋ ಹೆದರಿಕೆಯಾಯಿತು.

ಈ ಪತ್ತನಾಜೆಗೆ ಎರಡು ದಿನ ಇರುವಾಗ ಬಾಯಮ್ಮ ಎಲ್ಲರಿಗೂ ಫೋನ್ ಮಾಡಿದರು, ನಿಮ್ಮ ನಿಮ್ಮ ಟಯರು ತೆಗೆದುಕೊಂಡು ಹೋಗಿ ಎಂದು. ಹತ್ತು ಜನವೂ ಹೋದೆವು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಜೋಡಿ ಜೋಡಿಯಾಗಿ ಟಯರುಗಳು ಗೋಡೆಗೆ ಒರಗಿದ್ದವು. ಆ ಶೆಡ್ಡಿಗೆ ಅವರು ಯಾರನ್ನೂ ಬಿಟ್ಟವರಲ್ಲ. ತಾವೇ ಹೊರಗೆ ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ಧೂಳು ಒರೆಸುತ್ತಾರೆ ಎಂದು ನಾವು ತಿಳಿದಿದ್ದೆವು.

ಯಾರದ್ದು ಯಾವುದು ಎಂದು ಗೊತ್ತಾಗದೆ ಒಂದನ್ನು ತಿರುಗಿಸಿದೆವು. ಗೋಡೆಯ ಕಡೆಗಿದ್ದ ಬದಿಯಲ್ಲಿ ಸೀಮೆಸುಣ್ಣದ ಅಕ್ಷರ ಇತ್ತು. ಕನ್ನಡದಲ್ಲಿ, ಗುಂಡಗೆ, ಬೇಜಾರಿಲ್ಲದೆ ಬರೆದದ್ದು. "ಡೈರಿಯ ಹಾಲು, ಎರಡು ಹೊತ್ತು." ಹಾಲಿನ ಪಿಕಪ್ಪಿನವನು ಇದು ನನ್ನದು ಎಂದ. ಇನ್ನೊಂದರಲ್ಲಿ, "ಶಾಲೆಯ ಮಕ್ಕಳು, ಹದಿನೇಳು." ಮತ್ತೊಂದರಲ್ಲಿ, "ರೇಶನ್, ತಿಂಗಳಿಗೊಮ್ಮೆ." ನಮ್ಮ ಯಾರ ಹೆಸರೂ ಯಾವ ಟಯರಿನ ಮೇಲೂ ಇರಲಿಲ್ಲ, ಗಾಡಿಯ ನಂಬರೂ ಇಲ್ಲ. ಮೂಲೆಯ ಜೋಡಿಯನ್ನು ನಾನು ತಿರುಗಿಸಿದೆ. "ವಾರಿಜಕ್ಕ. ಮಂಗಳವಾರ, ಶುಕ್ರವಾರ." ನನಗೆ ಅಳು ತಡೆಯಲಾಗಲಿಲ್ಲ, ತಡೆಯಲು ನೋಡಲೂ ಇಲ್ಲ. ಬಾಯಮ್ಮ ಬಂದು ಬೆನ್ನ ಮೇಲೆ ಕೈಯಿಟ್ಟು, "ಬಟ್ಟೆ ಒದ್ದೆ ಮಾಡಿ ಕೊಡ್ಲಾ?" ಎಂದು ಕೇಳಿದರು. ಬೇಡ ಎಂದೆ.

ಪತ್ತನಾಜೆಯ ದಿನ ಹತ್ತು ಗಾಡಿಯವರು ಒಬ್ಬರಿಗೊಬ್ಬರು ಲಿವರು ಹಿಡಿದು, ಸಂಜೆಯ ತನಕ ಒದ್ದಾಡಿ ಟಯರು ಬದಲಿಸಿದೆವು. ಮೂರು ಟ್ಯೂಬು ಹಾಳಾದವು. ನನ್ನ ಜೋಡಿಯನ್ನು ಅಕ್ಷರ ಒಳಬದಿಗೆ ಬರುವ ಹಾಗೆ ಹಾಕಿದೆ.

ಆಮೇಲಿನ ಮಂಗಳವಾರ ಅಕ್ಕನನ್ನು ಕೂರಿಸಿಕೊಂಡು ಹೊರಟೆ. ಪುಂಜಾಲಕಟ್ಟೆ ಬರುವಾಗ ಆರೂಮುಕ್ಕಾಲು. ಮುಚ್ಚಿದ ಶಟರು, ಮೇಲೆ ಬಾಣದ ಗುರುತಿನ ಬೋರ್ಡು. ನಾನು ವೇಗ ಇಳಿಸಿ, ಹಾರ್ನು ಕೊಡುವುದೋ ಬೇಡವೋ ಎಂದು ಗೊತ್ತಾಗದೆ ದಾಟಿಬಿಟ್ಟೆ. ಇನ್ನೊಮ್ಮೆ ನೋಡುವ ಎಂದು ಕನ್ನಡಿಯಲ್ಲಿ ಕಣ್ಣು ಹಾಯಿಸಿದರೆ ಕಂಡದ್ದು ಹಿಂದಿನ ಸೀಟಿನಲ್ಲಿದ್ದ ವಾರಿಜಕ್ಕ. ಅವಳು ಅಂಗಡಿಯ ಕಡೆಗೆ ತಿರುಗಿ ಕೈ ಎತ್ತಿದ್ದಳು.

"ಯಾರಿಗೆ ಅಕ್ಕ ಕೈ ತೋರಿಸಿದ್ದು?"

"ಪೊರ್ಬುಗಳಿಗೆ."

"ಅವರು ಎಲ್ಲಿದ್ದಾರೆ ಇನ್ನು?"

"ಇಲ್ಲದಿದ್ರೆ ಎಂತ, ಏಳು ವರ್ಷದ ಅಭ್ಯಾಸ" ಎಂದಳು ಅಕ್ಕ. "ಹೋಗುವಾಗೆಲ್ಲ ಅವರು ನನಗೆ ಕೈ ಎತ್ತುದು, ನಾನು ತಿರುಗಿ ಎತ್ತುದು. ನಾನು ಕೈ ಎತ್ತಿದ್ರೆ ಹುಷಾರಿದ್ದೇನೆ ಅಂತ. ಹಾಗೆ ಮಾತು ಆಗಿತ್ತು ನಮ್ಮದು. ನಿನಗೆ ಗೊತ್ತಿರಲಿಲ್ವಾ?"

"ಇಲ್ಲ" ಎಂದೆ.

"ನಿನಗೆ ಹೇಳ್ಬೇಡಿ ಅಂತ ಹೇಳಿದ್ರು ಅವರು. ನೀನು ತಿರುಗಿ ನೋಡ್ಲಿಕ್ಕೆ ಸುರು ಮಾಡಿದ್ರೆ ಬ್ರೇಕು ಜೋರು ಹಾಕ್ತಿ ಅಂತೆ."